ಬಿಪಿ ಮೆಷಿನ್‌ನಿಂದ ಏರ್‌ಬೆಡ್‌ವರೆಗೆ: ವೃದ್ಧಾಶ್ರಮದ ಟ್ರಾಲಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ

ಮೆಡಿಕಲ್ ಶಾಪಿನಲ್ಲಿ ಸಿಗುವ ಬಿಪಿ ಮೆಷಿನ್, ಶುಗರ್ ಮೀಟರ್, ಆಕ್ಸಿಮೀಟರ್ ಇವೆಲ್ಲ ಒಂದು ಮನೆಗೆ, ಹೆಚ್ಚೆಂದರೆ ಗಂಡ ಹೆಂಡತಿ ಇಬ್ಬರಿಗೆ ಅಂತ ಮಾಡಿದ ಸಾಮಾನು. ನಮ್ಮ ವೃದ್ಧಾಶ್ರಮಗಳು ಕೊಳ್ಳುವುದೂ ಅವನ್ನೇ. ಆದರೆ ಅಲ್ಲಿ ಇಪ್ಪತ್ತು ಮೂವತ್ತು ಜನ ಹಿರಿಯರು, ಪಾಳಿಗೊಬ್ಬ ಆಯಾ, ಸಾಮಾನಿನ ಟ್ರಾಲಿ ತಳ್ಳಿಕೊಂಡು ದಿನಕ್ಕೆ ಎರಡು ಸುತ್ತು ತಪಾಸಣೆ. ಮನೆಯಲ್ಲಿ ಐದು ವರ್ಷ ತೊಂದರೆ ಕೊಡದ ಸಾಮಾನು ಇಲ್ಲಿ ಐದು ತಿಂಗಳಿಗೇ ಕೈಕೊಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೈಕೊಟ್ಟದ್ದು ಗೊತ್ತೇ ಆಗದಂತೆ ತಪ್ಪು ಅಂಕಿ ತೋರಿಸುತ್ತಾ ಇರುತ್ತದೆ. ಆನ್‌ಲೈನ್‌ನಲ್ಲಿ ಮನೆಬಳಕೆಯವರು ಕೊಟ್ಟ ನಾಲ್ಕೂವರೆ ನಕ್ಷತ್ರ ನೋಡಿ ಆಶ್ರಮಕ್ಕೆ ಕೊಳ್ಳುವವರು ಮೋಸಹೋಗುವುದು ಇಲ್ಲೇ.

ಮೊದಲು ಬಿಪಿ ಮೆಷಿನ್. ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ನೇ ಇರಲಿ. ಮಣಿಕಟ್ಟಿನದು ಬೇಡ. ಅದಕ್ಕೆ ಕೈಯನ್ನು ಸರಿಯಾಗಿ ಎದೆಯ ಮಟ್ಟಕ್ಕೆ ಹಿಡಿದು ಅಲುಗದೆ ಕೂರಬೇಕು. ಕೈ ನಡುಗುವ ಅಜ್ಜನಿಗೆ ಅದು ಆಗದ ಮಾತು. ಓಮ್ರಾನ್, ಡಾ. ಮೋರ್‌ಪೆನ್‌ನಂಥ ಕಂಪನಿಗಳ ಸಾಧಾರಣ ಮಾಡೆಲ್ ಸಾಕು. ಬ್ಲೂಟೂತ್ ಇರುವುದಕ್ಕೆ ಹೆಚ್ಚಿಗೆ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ. ಮೆಷಿನ್‌ನ ಮೆಮೊರಿಗೆ ಒಬ್ಬರೋ ಇಬ್ಬರೋ ಮಾತ್ರ ಗೊತ್ತು. ಮೂವತ್ತು ಜನರ ಅಂಕಿಗಳು ಒಂದರ ಹಿಂದೆ ಒಂದು ಸಾಲಾಗಿ ಕೂತರೆ ಸಂಜೆ ಯಾವುದು ಯಾರದ್ದು ಅಂತ ದೇವರೇ ಹೇಳಬೇಕು. ಅಂಕಿ ಕಂಡ ಕೂಡಲೇ ಮಂಚದ ಹತ್ತಿರವೇ ರಿಜಿಸ್ಟರಿಗೆ ಬರೆಯುವುದೊಂದೇ ದಾರಿ.

ದುಡ್ಡು ಹಾಕಬೇಕಾದ್ದು ತೋಳಿಗೆ ಸುತ್ತುವ ಪಟ್ಟಿಗೆ, ಅಂದರೆ ಕಫ್‌ಗೆ. ಪೆಟ್ಟಿಗೆಯಲ್ಲಿ ಬರುವ ಮಾಮೂಲಿ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಸೊರಗಿದ ಅಜ್ಜಿಯ ತೋಳು 19–20 ಇರುತ್ತದೆ. ದೊಡ್ಡ ಪಟ್ಟಿಯನ್ನು ಸಣ್ಣ ತೋಳಿಗೆ ಸುತ್ತಿದರೆ ಬಿಪಿ ನಿಜಕ್ಕಿಂತ ಕಡಿಮೆ ಬರುತ್ತದೆ, ಸಣ್ಣದನ್ನು ದಪ್ಪ ತೋಳಿಗೆ ಬಿಗಿದರೆ ಹೆಚ್ಚು ಬರುತ್ತದೆ. ಮೆಷಿನ್ ಮಾತ್ರ ಎರಡೂ ಸಲ ಎರರ್ ತೋರಿಸದೆ ಠೀವಿಯಿಂದ ಅಂಕಿ ಕೊಡುತ್ತದೆ. ಹಾಗಾಗಿ ಅದೇ ಕಂಪನಿಯ ಸಣ್ಣ ಪಟ್ಟಿ ಒಂದು, ದೊಡ್ಡದು ಒಂದು ಜೊತೆಗೇ ಕೊಳ್ಳಿ. ಅಂಗಡಿಯಲ್ಲೇ ನಳಿಕೆಯ ತುದಿ ಮೆಷಿನ್‌ಗೆ ಕೂರುತ್ತದೆಯೇ ಅಂತ ಸಿಕ್ಕಿಸಿ ನೋಡಿ. ದರ್ಜಿಯ ಟೇಪಿನಲ್ಲಿ ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ ತೋಳಿನ ಸುತ್ತಳತೆ ತೆಗೆದು, ಪ್ರತಿಯೊಬ್ಬರ ಫೈಲಿನ ಮೇಲೆ "ಸ", "ಮ", "ದ" ಅಂತ ದೊಡ್ಡದಾಗಿ ಬರೆದುಬಿಟ್ಟರೆ ಹೊಸ ಆಯಾ ಬಂದರೂ ಗೊಂದಲವಿಲ್ಲ.

ಬಳಸುವಾಗ ಆಗುವ ತಪ್ಪು ಎಲ್ಲ ಕಡೆ ಒಂದೇ. ಐದು ನಿಮಿಷ ಬೆನ್ನಾನಿಸಿ ಕೂರಿಸುವುದಿಲ್ಲ, ಪಾದ ನೆಲಕ್ಕೆ ತಾಗಿರುವುದಿಲ್ಲ, ಮೂತ್ರ ಕಟ್ಟಿಕೊಂಡು ಕೂತಿರುತ್ತಾರೆ, ಸ್ವೆಟರಿನ ತೋಳು ಮೇಲೆ ಸರಿಸಿದ್ದು ಅಲ್ಲೇ ಹಗ್ಗದಂತೆ ಬಿಗಿದಿರುತ್ತದೆ. ಪಟ್ಟಿ ಉಬ್ಬುತ್ತಿರುವಾಗಲೇ "ಅಜ್ಜಿ, ತಿಂಡಿ ಆಯ್ತಾ? ರಾತ್ರಿ ನಿದ್ದೆ ಬಂತಾ?" ಅಂತ ಪ್ರೀತಿಯಿಂದ ಮಾತಾಡಿಸುತ್ತಾರೆ. ಅಜ್ಜಿ ಉತ್ತರ ಕೊಟ್ಟರೆ ಮೇಲಿನ ಅಂಕಿ ಹತ್ತು ಏರಿಬಿಡುತ್ತದೆ. ಕ್ಷೇಮಸಮಾಚಾರ ಪಟ್ಟಿ ಬಿಚ್ಚಿದ ಮೇಲೆ. ನಾಡಿ ತಾಳತಪ್ಪಿ ಬಡಿಯುವವರಿಗೆ ಒಂದು ಸಲದ ಅಂಕಿ ನಂಬಬಾರದು. ನಿಮಿಷ ಬಿಟ್ಟು ಮೂರು ಸಲ ತೆಗೆದು ಸರಾಸರಿ ಬರೆಯಬೇಕು.

ಇದೇ ಮೆಷಿನ್‌ನ ಅತ್ಯುತ್ತಮ ಉಪಯೋಗ ಹೆಚ್ಚಿನ ಕಡೆ ಆಗುವುದೇ ಇಲ್ಲ. ಮಲಗಿ ಐದು ನಿಮಿಷವಾದ ಮೇಲೆ ಒಂದು, ಎದ್ದು ನಿಂತ ಒಂದು ನಿಮಿಷಕ್ಕೆ ಒಂದು, ಮೂರು ನಿಮಿಷಕ್ಕೆ ಇನ್ನೊಂದು ಹೀಗೆ ಬಿಪಿ ತೆಗೆಯಿರಿ. ನಿಂತಾಗ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ, ಆ ಹಿರಿಯರು ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬೀಳುವ ಪೈಕಿ. ಡಾಕ್ಟರಿಗೆ ಈ ಮೂರು ಅಂಕಿ ತೋರಿಸಿದರೆ ಮಾತ್ರೆಯ ಪ್ರಮಾಣವೋ ಹೊತ್ತೋ ಬದಲಾಗಬಹುದು. ತಿಂಗಳಿಗೊಮ್ಮೆ ಎಲ್ಲರಿಗೂ, ಹೊಸ ಮಾತ್ರೆ ಶುರುವಾದಾಗ ಕಡ್ಡಾಯವಾಗಿ. ನಿಲ್ಲಿಸುವಾಗ ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲೇಬೇಕು.

ಮೊದಲು ಹಾಳಾಗುವುದು ವೆಲ್ಕ್ರೊ. ಬಟ್ಟೆಯ ಎಳೆ, ಕೂದಲು ಸಿಕ್ಕಿ ಹಿಡಿತ ಹೋಗುತ್ತದೆ, ಪಟ್ಟಿ ಉಬ್ಬುವಾಗ ಚರ್‍ರೆಂದು ಬಿಚ್ಚಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ವಾರಕ್ಕೊಮ್ಮೆ ಉಜ್ಜಿದರೆ ಆಯುಸ್ಸು ಹೆಚ್ಚುತ್ತದೆ. ಆಮೇಲೆ ನಳಿಕೆಯ ಬುಡ ಸೀಳುತ್ತದೆ, ಕಾರಣ ನಳಿಕೆಯನ್ನು ಮೆಷಿನ್‌ಗೇ ಸುತ್ತಿ ಇಡುವ ಅಭ್ಯಾಸ. ಸೆಲ್ ಬದಲು ಅಡಾಪ್ಟರ್ ಕೊಳ್ಳಿ, ಸೆಲ್ಲಿನ ಖರ್ಚು ಉಳಿದು ಲೆಕ್ಕ ಸರಿಹೋಗುತ್ತದೆ.

ಶುಗರ್ ಮೀಟರಿನಲ್ಲಿ ಮೀಟರಿಗಿಂತ ಅದರ ಜೊತೆ ಬರುವ ಚುಚ್ಚುವ ಪೆನ್ನಿನದೇ ಚಿಂತೆ. ಮನೆಯಲ್ಲಿ ಒಬ್ಬರಿಗೆ ಅಂತ ಇರುವ ಪೆನ್ ಅದು. ಆಶ್ರಮದಲ್ಲಿ ಸೂಜಿ ಬದಲಿಸಿ ಅದೇ ಪೆನ್ನನ್ನು ಎಲ್ಲರಿಗೂ ಒತ್ತುತ್ತಾರೆ. ಸೂಜಿ ಹೊಸದಾದರೂ ಪೆನ್ನಿನ ಮೂತಿಗೆ ಹತ್ತಿದ ರಕ್ತ ಹಾಗೇ ಇರುತ್ತದೆ. ಅಮೆರಿಕದ ಹಿರಿಯರ ವಸತಿಗಳಲ್ಲಿ ಹೀಗೆ ಹಂಚಿಕೊಂಡ ಸಾಧನಗಳಿಂದ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ಒಂದೆರಡಲ್ಲ. ಪೆನ್ನನ್ನು ಒಬ್ಬರಿಗಿಂತ ಹೆಚ್ಚು ಜನಕ್ಕೆ ಬಳಸಲೇಬಾರದು ಅಂತ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2010ರಲ್ಲಿ ಎಚ್ಚರಿಸಿತು. ಪೆನ್ನನ್ನು ಕಸಕ್ಕೆ ಹಾಕಿ. ಒಂದು ಸಲ ಒತ್ತಿದರೆ ಸೂಜಿ ತಾನಾಗಿ ಒಳಹೋಗಿ ಲಾಕ್ ಆಗುವ ಬಿಸಾಡುವ ಲ್ಯಾನ್ಸೆಟ್ ಡಬ್ಬಿಗಟ್ಟಲೆ ಸಿಗುತ್ತದೆ, ಅದನ್ನೇ ತರಿಸಿ. ಬಳಸಿದ್ದನ್ನು ಹಾಕಲು ಚುಚ್ಚಿ ಹೊರಬಾರದ ಬಿಳಿ ಡಬ್ಬಿ ಟ್ರಾಲಿಯ ಮೇಲೇ ಇರಲಿ. ಮೀಟರನ್ನೂ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಒರೆಸಬೇಕು, ಗ್ಲೌಸ್ ಬದಲಿಸಬೇಕು.

ರಕ್ತದ ಹನಿ ತಾಗಿಸಿ ಮೀಟರಿಗೆ ಹಾಕುವ ಸ್ಟ್ರಿಪ್‌ಗಳ ಶತ್ರು ತೇವ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಸುತ್ತು ಮುಗಿಯುವವರೆಗೂ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಉಳಿದ ಸ್ಟ್ರಿಪ್ ನಂಬಲು ಬರುವುದಿಲ್ಲ. ಒಂದು ತೆಗೆ, ಟಕ್ ಅಂತ ಮುಚ್ಚು. ಡಬ್ಬಿ ತೆರೆದ ದಿನಾಂಕ ಅದರ ಮೇಲೇ ಬರೆಯಿರಿ, ಕೆಲವು ಕಂಪನಿಯವು ತೆರೆದ ಮೂರು ತಿಂಗಳಿಗೇ ಮುಗಿಯುತ್ತವೆ. ಇನ್ನೊಂದು: ಬಾಳೆಹಣ್ಣು ಸುಲಿದ ಕೈಯಲ್ಲಿ ತೆಗೆದ ಶುಗರ್ 300 ತೋರಿಸಿದರೆ ಆಶ್ಚರ್ಯವಿಲ್ಲ. ಸ್ಪಿರಿಟ್ ಹಚ್ಚಿ ಒಣಗುವ ಮೊದಲೇ ಚುಚ್ಚಿದರೂ ಅಂಕಿ ಏರುಪೇರು. ಸೋಪು ನೀರಿನಲ್ಲಿ ತೊಳೆದು ಒರೆಸಿ, ಬೆರಳ ತುದಿಯ ನಡುವೆ ಬೇಡ, ಪಕ್ಕಕ್ಕೆ ಚುಚ್ಚಿ. ರಕ್ತಹೀನತೆ ಹೆಚ್ಚಿರುವವರಲ್ಲಿ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಅಂದರೆ ಇಳಿದ ಶುಗರನ್ನು ಮರೆಮಾಚುತ್ತದೆ. 70ಕ್ಕಿಂತ ಕೆಳಗೆ ಬಂದು ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆಯ ನೀರು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ಆಕ್ಸಿಮೀಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಣ್ಣಗಿನ ಬೆರಳಿಗೆ, ಮೆಹಂದಿ ಹಚ್ಚಿದ ಬೆರಳಿಗೆ ಹಾಕಿ 86 ಬಂತು ಅಂತ ಓಡಬೇಡಿ, ಕೈ ಉಜ್ಜಿ ಬೆಚ್ಚಗೆ ಮಾಡಿ ಅರ್ಧ ನಿಮಿಷ ಕಾಯಿರಿ. ಹಣೆಗೆ ಹಿಡಿಯುವ ಥರ್ಮಾಮೀಟರ್ ಫ್ಯಾನಿನ ಕೆಳಗೆ, ಬೆವರಿನ ಮೇಲೆ ಲೆಕ್ಕಕ್ಕಿಲ್ಲ. ನಾಲಗೆಯಡಿ ಇಡುವ ಡಿಜಿಟಲ್ಲೇ ವಾಸಿ. ಅದರಲ್ಲೂ ವಯಸ್ಸಾದವರ ಮಾಮೂಲಿ ಮೈಬಿಸಿ ಕಡಿಮೆ ಇರುತ್ತದೆ. 100 ಡಿಗ್ರಿ ಆಗಲಿಲ್ಲವಲ್ಲ ಅಂತ ಸುಮ್ಮನಿರುವ ಹಾಗಿಲ್ಲ, ಅವರದ್ದೇ ಮಾಮೂಲಿಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೂ ಜ್ವರವೇ. ಮಾಮೂಲಿ ಎಷ್ಟು ಅಂತ ಫೈಲಿನಲ್ಲಿ ಇಲ್ಲದಿದ್ದರೆ ಈ ಮಾತಿಗೆ ಅರ್ಥವಿಲ್ಲ. ಇವೆರಡಕ್ಕಿಂತ ಮೊದಲು ಸುಳಿವು ಕೊಡುವುದು ಉಸಿರಾಟ. ಅದಕ್ಕೆ ಬೇಕಾದ್ದು ಸೆಕೆಂಡ್ ಮುಳ್ಳಿರುವ ಗೋಡೆ ಗಡಿಯಾರ ಮಾತ್ರ. ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ, 25 ದಾಟಿದರೆ ಡಾಕ್ಟರಿಗೆ ಫೋನ್. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನದಿಂದಲೇ ಎಷ್ಟೋ ರಿಜಿಸ್ಟರುಗಳಲ್ಲಿ ಎಲ್ಲರ ಉಸಿರೂ 20.

ಹಾಸಿಗೆಯಿಂದ ಎದ್ದರೆ ಕೂಗುವ ಅಲಾರಂ ಪ್ಯಾಡ್‌ಗೆ ನಮ್ಮ ಮತ ಇಲ್ಲ. ಮಗ್ಗುಲು ಬದಲಿಸಿದರೂ ಕೂಗುತ್ತದೆ, ಎರಡು ರಾತ್ರಿಗೆ ಆಯಾ ಅದನ್ನು ಆರಿಸಿಡುತ್ತಾಳೆ. ಕೂಗಿ ಅವಳು ಓಡಿ ಬರುವಷ್ಟರಲ್ಲಿ ಅಜ್ಜ ನೆಲದ ಮೇಲಿರುತ್ತಾರೆ. ಅಮೆರಿಕದ ಆಸ್ಪತ್ರೆಯೊಂದರ 16 ವಾರ್ಡುಗಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದಾಗಲೂ ಬೀಳುವುದು ಕಡಿಮೆಯಾಗಿರಲಿಲ್ಲ. ಅದೇ ದುಡ್ಡಿಗೆ ಬಚ್ಚಲಿನ ಗೋಡೆಗೆ ಹಿಡಿಕಂಬಿ, ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ ಹಾಕಿಸಬಹುದು.

ಟ್ರಾಲಿಯಲ್ಲಿ ಇಲ್ಲದೆಯೂ ಅತಿ ಉಪಯುಕ್ತ ಸಾಮಾನು ಅಂದರೆ ತೂಕದ ಮೆಷಿನ್. ನೆಲದ ಮೇಲಿನ ಚಿಕ್ಕ ತಕ್ಕಡಿ ನಿಲ್ಲಲಾರದವರಿಗೆ ಪ್ರಯೋಜನವಿಲ್ಲ. ಕುರ್ಚಿ ತಕ್ಕಡಿ ದುಬಾರಿ ಅನ್ನಿಸಿದರೆ, ಮೂಟೆ ತೂಗುವ ಅಗಲ ಹಲಗೆಯ ತಕ್ಕಡಿಗೆ ಗಾಲಿಕುರ್ಚಿ ಸಮೇತ ಹತ್ತಿಸಿ, ಆಮೇಲೆ ಖಾಲಿ ಕುರ್ಚಿಯ ತೂಕ ಕಳೆಯಿರಿ. ಕುರ್ಚಿಯ ತೂಕವನ್ನು ಕುರ್ಚಿಯ ಹಿಂದೆಯೇ ಪೇಂಟಿನಲ್ಲಿ ಬರೆಸಿಡಿ. ತಿಂಗಳಲ್ಲಿ ನೂರಕ್ಕೆ ಐದು, ಆರು ತಿಂಗಳಲ್ಲಿ ನೂರಕ್ಕೆ ಹತ್ತು ಇಳಿದರೆ ಏನೋ ಆಗಿದೆ ಅಂತಲೇ ಅರ್ಥ. ಹಲ್ಲುಸೆಟ್ಟು ಸಡಿಲವಾಗಿದೆಯೋ, ನುಂಗಲು ಕಷ್ಟವೋ, ಮನಸ್ಸಿಗೆ ಬೇಸರವೋ ನೋಡಬೇಕು. ಹೃದಯ ದುರ್ಬಲವಾದವರಿಗೆ ಲೆಕ್ಕ ಉಲ್ಟಾ, ಮೂರು ದಿನದಲ್ಲಿ 2 ಕಿಲೋಗಿಂತ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ. ಹಾಸಿಗೆ ಹಿಡಿದವರಿಗೆ ಅದೇ ದರ್ಜಿ ಟೇಪು: ಮೀನಖಂಡದ ದಪ್ಪ ಭಾಗ 31 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಪೋಷಣೆ ಸಾಲದಿರಬಹುದು.

ಕೊನೆಗೆ ಏರ್‌ಬೆಡ್. ಗುಳ್ಳೆಗುಳ್ಳೆಯ ಹಾಸು, ಕಾಲ್ದೆಸೆಗೆ ನೇತುಹಾಕುವ ಪಂಪ್, ಎರಡು ನಳಿಕೆ. ಕೆಲವು ನಿಮಿಷಕ್ಕೊಮ್ಮೆ ಒಂದು ಸಾಲು ಉಬ್ಬಿ ಪಕ್ಕದ ಸಾಲು ತಗ್ಗುತ್ತದೆ, ಹಾಗಾಗಿ ಮೈಯ ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ. ಕೆಲವೇ ಸಾವಿರ ರೂಪಾಯಿಗೆ ಇಷ್ಟು ಉಪಕಾರ ಮಾಡುವ ಸಾಮಾನು ಇನ್ನೊಂದಿಲ್ಲ, ಸರಿಯಾಗಿ ಹಾಸಿದರೆ. ಅದನ್ನು ಬರೀ ಮಂಚದ ಮೇಲೆ ಅಲ್ಲ, ಮಾಮೂಲಿ ಹಾಸಿಗೆಯ ಮೇಲೆ ಗುಳ್ಳೆ ಮೇಲ್ಮುಖವಾಗಿ ಹಾಸಬೇಕು. ಅದರ ಮೇಲೆ ತೆಳು ಬೆಡ್‌ಶೀಟ್ ಒಂದೇ ಒಂದು, ಅದೂ ಸಡಿಲವಾಗಿ. ರಬ್ಬರ್ ಶೀಟು, ಮಡಚಿದ ಕಂಬಳಿ, ದಪ್ಪ ಪ್ಯಾಡು ಎಲ್ಲ ಪೇರಿಸಿದರೆ ಗುಳ್ಳೆ ಉಬ್ಬಿದ್ದು ಅಜ್ಜಿಯ ಮೈಗೆ ಗೊತ್ತೇ ಆಗುವುದಿಲ್ಲ. ಪಂಪಿನ ತಿರುಪನ್ನು ಅವರವರ ತೂಕಕ್ಕೆ ಹೊಂದಿಸಿ, ಮಲಗಿಸಿದ ಮೇಲೆ ಟೊಂಕದ ನೇರ ಕೆಳಗೆ ಹಾಸಿನಡಿ ಅಂಗೈ ತೂರಿಸಿ ನೋಡಿ. ಎಲುಬು ಕೈಗೆ ಒತ್ತಿದರೆ ಗಾಳಿ ಸಾಲದು. ಸುಮಾರು ಒಂದು ಇಂಚು ಗಾಳಿಯ ದಿಂಡು ಸಿಗಬೇಕು. ಹಾಸು ಕಲ್ಲಿನಂತಿದ್ದರೆ ತಿರುಪು ಇಳಿಸಿ.

ಕರೆಂಟ್ ಹೋದರೆ ಇದು ಮೆಲ್ಲಗೆ ಚಪ್ಪಟೆಯಾಗುತ್ತದೆ. ಪಂಪ್ ಎಳೆಯುವುದು 10 ವ್ಯಾಟ್ ಆಸುಪಾಸು ಅಷ್ಟೇ, ಟಿವಿ ಬಿಟ್ಟು ಇದರ ಪ್ಲಗ್ಗನ್ನು ಯುಪಿಎಸ್ ಲೈನಿಗೆ ಹಾಕಿಸಿ. ಗುಳ್ಳೆ ತೂತಾಗುವುದು ಪಿನ್ನು, ಬಳೆಚೂರು, ಉಗುರಿನಿಂದ. ನಳಿಕೆ ಸೀಳುವುದು ಮಂಚದ ಗಾಲಿಗೆ ಸಿಕ್ಕಿ. ಸೋಪುನೀರು ಸವರಿದರೆ ತೂತಿನಲ್ಲಿ ನೊರೆ ಏಳುತ್ತದೆ, ಜೊತೆಗೆ ಬರುವ ತೇಪೆ ಒಣಗಿದ ಜಾಗಕ್ಕೆ ಹಚ್ಚಬೇಕು.

ಏರ್‌ಬೆಡ್ ಬಂತು ಅಂತ ಮಗ್ಗುಲು ಬದಲಿಸುವುದನ್ನು ನಿಲ್ಲಿಸುವುದೇ ಬೆಡ್‌ಸೋರ್, ಅಂದರೆ ಒಂದೇ ಕಡೆ ಮಲಗಿ ಆಗುವ ಹುಣ್ಣು, ಆಗಲು ದೊಡ್ಡ ಕಾರಣ. ಎರಡರಿಂದ ನಾಲ್ಕು ಗಂಟೆಗೊಮ್ಮೆ ತಿರುಗಿಸಲೇಬೇಕು, ಪೂರ್ತಿ ಮಗ್ಗುಲಿಗೆ ಬೇಡ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ. ಹಿಮ್ಮಡಿಯನ್ನು ಯಾವ ಏರ್‌ಬೆಡ್ಡೂ ಕಾಯುವುದಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತಿರಲಿ, ಒಂದು ಹಾಳೆ ಅಡಿಯಲ್ಲಿ ಸಲೀಸಾಗಿ ಸರಿಯಬೇಕು. ಕೆಳಗೆ ಜಾರಿದವರನ್ನು ಕಂಕುಳಿಗೆ ಕೈಹಾಕಿ ದರದರ ಎಳೆಯಬೇಡಿ. ಹಳೆಯ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಅಡಿಗೆ ತೂರಿಸಿ ಇಬ್ಬರು ಎತ್ತಿ ಸರಿಸಿ, ಆಮೇಲೆ ಸೀರೆ ತೆಗೆದುಬಿಡಿ. ಸ್ಪಿರಿಟ್ ಪೌಡರ್ ಹಾಕಿ ತಿಕ್ಕುವ ಹಳೆಯ ರೂಢಿ ನಿಲ್ಲಿಸಿ, ಕೆಂಪಾದ ಜಾಗ ತಿಕ್ಕಿದಷ್ಟೂ ಒಳಗೆ ಹದಗೆಡುತ್ತದೆ. ಬೆಡ್‌ಸೋರ್ ಶುರುವಾಗುವಾಗ ಚರ್ಮ ಕೆಂಪಾಗುತ್ತದೆ ಅಂತ ಪುಸ್ತಕದಲ್ಲಿರುತ್ತದೆ, ನಮ್ಮವರ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣುವುದಿಲ್ಲ. ಬೆರಳಿನ ಹಿಂಬದಿಯಿಂದ ಸವರಿ, ಸುತ್ತಲಿಗಿಂತ ಬಿಸಿ, ಗಟ್ಟಿ ಅಥವಾ ಮೆತ್ತಗೆ ಇದೆಯೇ ನೋಡಿ. ಸ್ನಾನದ ಹೊತ್ತೇ ಇದಕ್ಕೆ ಸರಿ.

ಕೊಳ್ಳುವಾಗ ಎಲ್ಲ ಮಂಚಕ್ಕೂ ಒಂದೇ ಕಂಪನಿಯದು ಕೊಳ್ಳಿ. ಮೊದಲು ಸಾಯುವುದು ಪಂಪ್, ಹಾಸಲ್ಲ, ಮತ್ತು ಒಂದು ಕಂಪನಿಯ ಪಂಪಿನ ಮೂತಿ ಇನ್ನೊಂದರ ನಳಿಕೆಗೆ ಕೂರುವುದಿಲ್ಲ. ಬಿಡಿ ಪಂಪ್ ಸಿಗುತ್ತದೆಯೇ ಅಂತ ಮೊದಲೇ ಕೇಳಿ, ಐದು ಮಂಚಕ್ಕೆ ಒಂದರಂತೆ ಕಪಾಟಿನಲ್ಲಿ ಇಟ್ಟುಕೊಳ್ಳಿ.