ಕಲಬುರಗಿಯ ಬಾಡಿಗೆ ಗ್ರಂಥಾಲಯದ ಧ್ರುವಯಾನ ಕಪಾಟು

ಸೂಪರ್ ಮಾರ್ಕೆಟ್ ಕಡೆಯ ಓಣಿಯೊಂದರಲ್ಲಿರುವ ಈ ಚಿಕ್ಕ ಬಾಡಿಗೆ ಗ್ರಂಥಾಲಯಕ್ಕೆ ಬಹಳಷ್ಟು ಮಂದಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗಾಗಿ ಬರುತ್ತಾರೆ. ಆದರೆ ನಾನು ಎಲ್ಲರಿಗೂ ಹೇಳಬಯಸುವುದು ಒಳಕೋಣೆಯ ಧ್ರುವಯಾನಗಳ ಕಪಾಟಿನ ಬಗ್ಗೆ. ಸಾಹಸದ ಕಥೆ ಕೇಳಿಕೊಂಡು ಬಂದವರ ಕೈಗೆ ಮಾಲೀಕರು ಮೊದಲು ಕೊಡುವುದು ಧ್ರುವ ಮುಟ್ಟಿ ಗೆದ್ದವರ ವೃತ್ತಾಂತವನ್ನಲ್ಲ, ಹಿಮದಲ್ಲಿ ಸಿಕ್ಕಿಬಿದ್ದ ‘ಬೆಲ್ಜಿಕಾ’ ಹಡಗಿನವರ ದಾಖಲೆಗಳನ್ನು. ಈ ವಿವೇಕವೇ ಇಲ್ಲಿನ ಸೇವೆಯ ದೊಡ್ಡ ಗುಣ.

ಆದ್ರಿಯೆನ್ ದ ಗೆರ್ಲಾಷ್ ನಾಯಕತ್ವದ ಆ ಹಡಗು 1898ರ ಮಾರ್ಚ್‌ನಲ್ಲಿ ಅಂಟಾರ್ಕ್ಟಿಕಾದ ಬೆಲಿಂಗ್ಸ್‌ಹೌಸೆನ್ ಸಮುದ್ರದ ಹಿಮದಲ್ಲಿ ಹೂತು, ಬಿಡುಗಡೆಯಾದದ್ದು ಮರುವರ್ಷದ ಮಾರ್ಚ್‌ನಲ್ಲಿ. ನಮ್ಮೂರಿನಲ್ಲಿ ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಮೇ ತಿಂಗಳಲ್ಲೇ ಅಲ್ಲಿ ಮುಳುಗಿದ ಸೂರ್ಯ ಸುಮಾರು 70 ದಿನ ಮತ್ತೆ ಕಾಣಲಿಲ್ಲ. ಬೆಲ್ಜಿಯಂ, ನಾರ್ವೆ, ಪೋಲೆಂಡ್, ರುಮೇನಿಯಾಗಳಿಂದ ಬಂದಿದ್ದ ಆ ಗಂಡಸರು ಒಬ್ಬರ ಮುಖವನ್ನೊಬ್ಬರು ನೋಡಿ ಬೇಸತ್ತರು; ನಿದ್ದೆ ಕೆಟ್ಟಿತು, ಎದೆಬಡಿತದ ಲಯ ತಪ್ಪಿತು, ಮಾತು ಕಡಿಮೆಯಾಯಿತು. ಜೂನ್‌ನಲ್ಲಿ ತಂಡದ ಸದಸ್ಯ ಎಮಿಲ್ ಡಾಂಕೊ ತೀರಿಕೊಂಡ ಮೇಲೆ ಭಯ ಇನ್ನಷ್ಟು ಆಳಕ್ಕಿಳಿಯಿತು. ನಾವಿಕ ಟೊಲೆಫ್ಸೆನ್ ಸಂಗಡಿಗರೇ ತನ್ನನ್ನು ಕೊಲ್ಲುತ್ತಾರೆಂಬ ಭ್ರಮೆಗೆ ಸಿಲುಕಿ ಬುದ್ಧಿಸ್ವಾಸ್ಥ್ಯ ಕಳೆದುಕೊಂಡನು.

ವೈದ್ಯ ಫ್ರೆಡೆರಿಕ್ ಕುಕ್ ಅವರ ಚಿಕಿತ್ಸೆಯ ಭಾಗವನ್ನು ನಿಧಾನವಾಗಿ ಓದಬೇಕು. ಅವರು ರೋಗಿಗಳನ್ನು ಒಲೆಯ ಬೆಂಕಿಯೆದುರು ಬರಿಮೈಯಲ್ಲಿ ನಿಲ್ಲಿಸಿದರು, ಹಡಗಿನ ಸುತ್ತ ನಡೆಸಿದರು, ಪೆಂಗ್ವಿನ್ ಮತ್ತು ಸೀಲ್‌ಗಳ ತಾಜಾ ಮಾಂಸ ತಿನ್ನಿಸಿದರು. ಆ ಮಾಂಸವನ್ನು ಮೊದಲು ನಿರಾಕರಿಸಿದ್ದ ನಾಯಕನೇ ಉಯಿಲು ಬರೆಯುವ ಸ್ಥಿತಿಗೆ ಬಂದ ಮೇಲೆ ಅದನ್ನು ತಿಂದು ಚೇತರಿಸಿಕೊಂಡನು. ತಾಜಾ ಮಾಂಸದಲ್ಲಿರುವ ಸಿ ಜೀವಸತ್ವ ಇನ್ನೂ ಪತ್ತೆಯಾಗಿರದ ಕಾಲವದು. ಅದರ ಕೊರತೆಯಿಂದ ಅವರನ್ನು ಕಾಡಿದ ಸ್ಕರ್ವಿ ರೋಗ ಒಸಡುಗಳನ್ನಷ್ಟೇ ಅಲ್ಲ, ಮನಸ್ಸನ್ನೂ ಕುಗ್ಗಿಸುತ್ತದೆ. ಆದ್ದರಿಂದ ಅವರ ಕುಸಿತವನ್ನು ಕೇವಲ ಕತ್ತಲೆಯ ಅಥವಾ ಒಂಟಿತನದ ಲೆಕ್ಕಕ್ಕೆ ಬರೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅವರನ್ನು ದುರ್ಬಲರೆಂದು ಕರೆಯುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದರೂ ಪ್ರತಿಯೊಂದರ ಒಳರಕ್ಷೆಗೆ ಮಾಲೀಕರು ಕನ್ನಡದಲ್ಲಿ ಕೈಬರಹದ ಪರಿಚಯ ಅಂಟಿಸಿದ್ದಾರೆ. ಪದವಿ ವಿದ್ಯಾರ್ಥಿಗಳಿಗೆ ಇದು ನಿಜವಾದ ಉಪಕಾರ. ಠೇವಣಿ ದುಬಾರಿಯಲ್ಲ. ಹರಿದ ನಕ್ಷೆಗಳನ್ನು ಸರಿಪಡಿಸಬೇಕಾಗಿದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರಗಳಾದ, 1989ರಿಂದ ನಡೆಯುತ್ತಿರುವ ಮೈತ್ರಿಯಲ್ಲಾಗಲಿ, 2012ರಲ್ಲಿ ಆರಂಭವಾದ ಭಾರತಿಯಲ್ಲಾಗಲಿ ಧ್ರುವರಾತ್ರಿಯನ್ನು ಕಳೆದ ನಮ್ಮ ದೇಶದವರ ಬಗ್ಗೆ ಈ ಕಪಾಟಿನಲ್ಲಿ ಒಂದು ಪುಸ್ತಕವೂ ಇಲ್ಲದಿರುವುದು. ಅದನ್ನು ತರಿಸುವಂತೆ ಕೇಳಿದ್ದೇನೆ. ಇನ್ನಷ್ಟು ಓದುಗರು ಕೇಳಿದರೆ ಮಾಲೀಕರು ಖಂಡಿತ ಪ್ರಯತ್ನಿಸುತ್ತಾರೆ.