ಎಚ್‌ಎಂಟಿ ಜನತಾ: ಹಳೆಯ ವಾಚನ್ನು ಕೊಂಡು, ಕಟ್ಟಿ, ಮಾರಿದವನ ವಿಮರ್ಶೆ

ನಾನು ಇಲ್ಲಿ ಬರೆಯುತ್ತಿರುವುದು ಎಚ್‌ಎಂಟಿ ಜನತಾ ಎಂಬ ಕೀ ಕೊಡುವ ಕೈಗಡಿಯಾರದ ಬಗ್ಗೆ, ಅದೂ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದರ ಬಗ್ಗೆ. ತುಮಕೂರಿನಲ್ಲಿ ಹಳೆಯ ರೇಡಿಯೊ, ಟೇಪ್ ರೆಕಾರ್ಡರ್, ಗ್ರಾಮಫೋನ್ ತಟ್ಟೆ, ವಾಚು ಇವನ್ನೆಲ್ಲ ಕೊಂಡು, ದುರಸ್ತಿ ಮಾಡಿಸಿ, ಬೇಕಾದವರಿಗೆ ಮಾರುವುದು ಹಲವು ವರ್ಷಗಳಿಂದ ನನ್ನ ಉಪವೃತ್ತಿಯಾಗಿದೆ. ಇವುಗಳಲ್ಲಿ ನನ್ನ ಕೈಯಿಂದ ಅತಿ ಹೆಚ್ಚು ದಾಟಿಹೋದದ್ದು ಜನತಾ. ದಿನವೂ ನಾನು ಕಟ್ಟುವುದೂ ಅದನ್ನೇ. ಆದ್ದರಿಂದ ಕಟ್ಟುವವನ ಅಭಿಪ್ರಾಯ, ಮಾರುವವನ ಅಭಿಪ್ರಾಯ ಎರಡೂ ಈ ಬರಹದಲ್ಲಿ ಸೇರಿಕೊಂಡಿವೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ತೊಡಗಿತು. ತುಮಕೂರಿನ ಕಾರ್ಖಾನೆ ಬಂದದ್ದು 1978ರಲ್ಲಿ. ಮುಂದೆ ಅದರ ಒಂದು ಭಾಗದಲ್ಲಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚುಗಳೂ ತಯಾರಾದವು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಕಾರ್ಖಾನೆಯ ಸಂಬಳದಿಂದ. ಅದಕ್ಕೇ ಇಲ್ಲಿ ಯಾರ ಮನೆಯ ಬೀರು ತೆರೆದರೂ ಒಂದೆರಡು ಎಚ್‌ಎಂಟಿ ಸಿಗುತ್ತವೆ, ಮಾರಲು ಬಂದವರು ತಪ್ಪದೆ ‘ಇದು ನಮ್ಮ ತುಮಕೂರು ಫ್ಯಾಕ್ಟರಿಯದು’ ಎನ್ನುತ್ತಾರೆ. ಆ ಮಾತಿಗೆ ನಾನು ತಲೆಬಾಗುತ್ತೇನೆ, ಆದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಎಚ್‌ಎಂಟಿಗೆ ಬೆಂಗಳೂರು, ಶ್ರೀನಗರ, ರಾಣಿಬಾಗ್‌ಗಳಲ್ಲೂ ವಾಚಿನ ಕಾರ್ಖಾನೆಗಳಿದ್ದವು. ಬಿಲ್ಲು, ಪೆಟ್ಟಿಗೆ ಇಲ್ಲದ ವಾಚಿನ ಹುಟ್ಟೂರನ್ನು ಬರೀ ಬಾಯಿಮಾತಿನಿಂದ ನಿರ್ಧರಿಸಲು ಬರುವುದಿಲ್ಲ.

ಈಗ ವಾಚಿನ ವಿಷಯ. ಜನತಾ ಸರಳವಾದ ವಾಚು. ದುಂಡನೆಯ ಉಕ್ಕಿನ ಕೇಸು, ತಿಳಿಬಣ್ಣದ ಡಯಲ್, ಗಂಟೆ, ನಿಮಿಷ, ಸೆಕೆಂಡಿನ ಮೂರು ಮುಳ್ಳು. ದಿನಾಂಕವಿಲ್ಲ, ವಾರವಿಲ್ಲ. ಇಂದಿನ ದೊಡ್ಡ ವಾಚುಗಳನ್ನು ನೋಡಿ ಅಭ್ಯಾಸವಾದವರಿಗೆ ಇದು ಮೊದಲ ನೋಟಕ್ಕೆ ಚಿಕ್ಕದೆನಿಸುತ್ತದೆ. ಒಂದು ವಾರ ಕಟ್ಟಿದ ಮೇಲೆ ಆ ದೂರು ಉಳಿಯುವುದಿಲ್ಲ. ಶರ್ಟಿನ ತೋಳಿನೊಳಗೆ ಸಲೀಸಾಗಿ ಜಾರುವ ಇದರ ತೆಳುವು, ಕೈಗೆ ಭಾರವೇ ಆಗದ ಇದರ ತೂಕ ನನಗೆ ಬಹಳ ಇಷ್ಟ. ಒಳಗಿರುವುದು 0231 ಎಂಬ ಸಂಖ್ಯೆಯ, ಹದಿನೇಳು ಜ್ಯುವೆಲ್‌ಗಳ (ಚಕ್ರಗಳ ಅಚ್ಚು ಸವೆಯದೆ ತಿರುಗಲು ಕೂರಿಸಿದ ಗಟ್ಟಿ ಹರಳುಗಳ) ಯಂತ್ರ. ಅತ್ತಿತ್ತ ತೂಗುತ್ತ ಸಮಯವನ್ನು ಅಳೆಯುವ ಅದರ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು ಬಡಿತ. ಮೌನವಾದ ಕೋಣೆಯಲ್ಲಿ ಕಿವಿಗೆ ಹಿಡಿದರೆ ಆ ಬಡಿತ ಒಂದೇ ತೂಕದಲ್ಲಿ ಕೇಳಬೇಕು. ‘ಟಕ್’ ಆದ ಮೇಲೆ ಬರುವ ‘ಟಿಕ್’ ಒಮ್ಮೆ ಬೇಗ, ಒಮ್ಮೆ ತಡವಾಗಿ ಬಂದು ಕುಂಟಿದಂತೆ ಕೇಳಿದರೆ, ಡಯಲ್ ಎಷ್ಟೇ ಚೆನ್ನಾಗಿದ್ದರೂ ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.

ಬೆಳಗ್ಗೆ ಒಂದು ನಿಗದಿತ ಹೊತ್ತಿಗೆ ಕೀ ಕೊಡುವುದು ಒಳ್ಳೆಯದು. ತಿರುಪು ಬಿಗಿಯಾಗುವ ತನಕ ತಿರುಗಿಸಿ ಅಲ್ಲಿಗೆ ಬಿಡಬೇಕು. ಬಿಗಿಯಾದ ಮೇಲೂ ಒತ್ತಿ ತಿರುಗಿಸುವುದು ಸಲ್ಲದು. ಪೂರ್ತಿ ಕೀ ಕೊಟ್ಟ, ಸರ್ವಿಸ್ ಆದ ಜನತಾ ಒಂದು ಹಗಲು ಒಂದು ರಾತ್ರಿಯನ್ನು ನಿರಾತಂಕವಾಗಿ ದಾಟಿ ಮರುದಿನವೂ ಓಡುತ್ತಿರುತ್ತದೆ. ಕೊಂಡ ವಾಚು ರಾತ್ರಿ ಕಳೆಯುವುದರೊಳಗೆ ನಿಂತರೆ, ಕೀ ಕೊಟ್ಟಾಗ ಸುತ್ತಿಕೊಂಡು ಯಂತ್ರವನ್ನು ನಡೆಸುವ ಮೇನ್ ಸ್ಪ್ರಿಂಗ್ ಸೋತಿದೆ, ಇಲ್ಲವೆ ಎಣ್ಣೆ ಒಣಗಿ ಚಕ್ರಗಳು ಹಿಡಿದುಕೊಂಡಿವೆ ಎಂದು ತಿಳಿಯಬೇಕು.

ಸಮಯದ ನಿಖರತೆಯ ಬಗ್ಗೆ ಜನರಿಗೆ ಎರಡು ತುದಿಯ ನಂಬಿಕೆಗಳಿವೆ. ಹಳೆಯ ವಾಚು ಎಂದರೆ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ ಎಂದು ಕೆಲವರು, ಎಚ್‌ಎಂಟಿ ಎಂದರೆ ಸೆಕೆಂಡೂ ತಪ್ಪುವುದಿಲ್ಲ ಎಂದು ಕೆಲವರು. ನಾನು ಕಟ್ಟುವ ಜನತಾ ದಿನಕ್ಕೆ ಸುಮಾರು 20 ಸೆಕೆಂಡ್ ಮುಂದೆ ಹೋಗುತ್ತದೆ. ಒಂದು ದಿನಕ್ಕೆ 86,400 ಸೆಕೆಂಡುಗಳು. ಅದರಲ್ಲಿ 20 ಸೆಕೆಂಡಿನ ವ್ಯತ್ಯಾಸವೆಂದರೆ ಹತ್ತು ಸಾವಿರಕ್ಕೆ ಎರಡೂವರೆ ಪಾಲನ್ನೂ ಮುಟ್ಟುವುದಿಲ್ಲ. ವಿದ್ಯುತ್ತಿಲ್ಲದೆ, ಒಂದು ಸುರುಳಿಯ ಬಲದಿಂದ ನಡೆಯುವ ಯಂತ್ರಕ್ಕೆ ಇದು ಹೆಮ್ಮೆಪಡಬೇಕಾದ ಸಾಧನೆ ಎಂದೇ ನನ್ನ ಭಾವನೆ. ರಾತ್ರಿ ಡಯಲ್ ಮೇಲೆ ಮಾಡಿ ಇಟ್ಟರೆ ಒಂದು ವೇಗ, ಪಕ್ಕಕ್ಕೆ ನಿಲ್ಲಿಸಿ ಇಟ್ಟರೆ ಇನ್ನೊಂದು ವೇಗ. ನಮ್ಮ ವಾಚು ಯಾವ ಭಂಗಿಯಲ್ಲಿ ನಿಧಾನವಾಗುತ್ತದೆ ಎಂದು ಗಮನಿಸಿಕೊಂಡರೆ ಹಗಲು ಮುಂದೆ ಹೋದದ್ದನ್ನು ರಾತ್ರಿ ಮಲಗಿಸುವ ಭಂಗಿಯಿಂದಲೇ ಸರಿತೂಗಿಸಬಹುದು.

ಒಂದು ಸಲ ಸರಿಯಾಗಿ ಓಡುತ್ತಿದ್ದ ವಾಚು ಇದ್ದಕ್ಕಿದ್ದಂತೆ ಹಲವು ನಿಮಿಷ ಮುಂದೆ ಓಡತೊಡಗಿತು. ಕಾರಣ ನನ್ನ ಮೇಜಿನ ಮೇಲೆಯೇ ಇತ್ತು. ಮಾರಲು ತಂದಿಟ್ಟಿದ್ದ ಹಳೆಯ ರೇಡಿಯೊದ ಸ್ಪೀಕರಿನ ಅಯಸ್ಕಾಂತದ ಪಕ್ಕದಲ್ಲೇ ವಾಚು ರಾತ್ರಿಯಿಡೀ ಮಲಗಿತ್ತು. ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್, ಕಾಂತೀಯವಾದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗಿನ ಉದ್ದ ಕಡಿಮೆಯಾದಂತೆ ವರ್ತಿಸಿ, ವಾಚು ವೇಗವಾಗಿ ಓಡುತ್ತದೆ. ಪರೀಕ್ಷೆ ಸುಲಭ: ಒಂದು ಸಣ್ಣ ದಿಕ್ಸೂಚಿಯನ್ನು ವಾಚಿನ ಹತ್ತಿರ ತಂದಾಗ ಅದರ ಮುಳ್ಳು ನಡುಗಿದರೆ ಅಥವಾ ಸರಿದರೆ ಸಂಶಯ ಪಡಬೇಕು. ಕಾಂತೀಯತೆ ತೆಗೆಯುವ ಸಣ್ಣ ಯಂತ್ರ ಬಹುತೇಕ ರಿಪೇರಿಯವರ ಬಳಿ ಇರುತ್ತದೆ, ಕ್ಷಣದ ಕೆಲಸ. ಹಳೆಯ ಎಲೆಕ್ಟ್ರಾನಿಕ್ಸ್ ಮತ್ತು ವಾಚು ಎರಡನ್ನೂ ಇಟ್ಟುಕೊಂಡವರು ಅವನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುವುದು ಮೇಲು.

ನೀರು ಇದರ ದೊಡ್ಡ ಶತ್ರು. ಜನತಾ ಕಟ್ಟಿಕೊಂಡು ಮಳೆಯಲ್ಲಿ ನೆನೆಯಬಾರದು, ಪಾತ್ರೆ ತೊಳೆಯಬಾರದು. ಗಾಜಿನೊಳಗೆ ಮಂಜು ಕಂಡರೆ ಬಿಸಿಲಿಗಿಟ್ಟು ಒಣಗಿಸಿ ಸುಮ್ಮನಾಗುವುದು ತಪ್ಪು; ಅಂದೇ ರಿಪೇರಿಯವರಲ್ಲಿ ತೆರೆಸಬೇಕು, ಇಲ್ಲದಿದ್ದರೆ ತುಕ್ಕು ಮೊದಲು ಸ್ಟೆಮ್ (ಕೀ ತಿರುಪಿನ ಒಳಗಿನ ಕಡ್ಡಿ) ಹಿಡಿದು ಮುಂದುವರಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮಳೆಗಿಂತ ಬೇಸಿಗೆಯ ಬೆವರು ಮತ್ತು ಧೂಳು ಮಾಡುವ ಹಾನಿಯೇ ಹೆಚ್ಚು. ಬೆನ್ನಿನ ಮುಚ್ಚಳದ ಅಂಚಿನಲ್ಲಿ ಬೆವರು ಕಟ್ಟಿ ಉಕ್ಕನ್ನೇ ತಿಂದಿರುವ ವಾಚುಗಳು ನನಗೆ ಎಷ್ಟೋ ಸಿಕ್ಕಿವೆ. ಗಾಜು ಮಾತ್ರ ಚಿಂತೆಯ ವಿಷಯವಲ್ಲ: ಅದು ಅಕ್ರಿಲಿಕ್, ಸಣ್ಣ ಗೀರುಗಳು ಟೂತ್‌ಪೇಸ್ಟ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತವೆ, ಬಿರುಕು ಬಿಟ್ಟರೆ ಕಡಿಮೆ ಬೆಲೆಗೆ ಬೇರೆ ಗಾಜು ಕೂರಿಸಬಹುದು.

ಕೊಳ್ಳುವಾಗ ನೋಡಬೇಕಾದದ್ದರಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಡಯಲಿನ ಮೇಲೆ. ಎಲ್‌ಪಿ ತಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಅದರ ಗೀರುಗಳೆಲ್ಲ ಕಣ್ಣಿಗೆ ಬೀಳುತ್ತವೆ. ವಾಚು ಹಾಗಲ್ಲ, ಅದಕ್ಕೆ ಹೊಸ ಮುಖ ಬರೆದು ಹಳೆಯ ರೋಗವನ್ನು ಮುಚ್ಚಿಡಬಹುದು. ಮಾರುಕಟ್ಟೆಯಲ್ಲಿ ತಿರುಗುವ ಎಚ್‌ಎಂಟಿಗಳಲ್ಲಿ ಮತ್ತೆ ಬಣ್ಣ ಬಳಿದು ಅಕ್ಷರ ಅಚ್ಚು ಹಾಕಿದ ಡಯಲುಗಳು ವಿಪರೀತ. ಗಿಳಿಹಸಿರು, ಕಿತ್ತಳೆ, ಗುಲಾಬಿ ಬಣ್ಣದ ‘ಪೈಲಟ್’ (ಎಚ್‌ಎಂಟಿಯ ಇನ್ನೊಂದು ಮಾದರಿ) ಕಂಡರೆ ಮರುಬಳಿದದ್ದೆಂದು ತಿಳಿಯಲು ಹೆಚ್ಚು ಯೋಚಿಸಬೇಕಾಗಿಲ್ಲ. ಕಷ್ಟವಿರುವುದು ಬಿಳಿ ಡಯಲಿನ ಜನತಾಗಳಲ್ಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿದರೆ ಮೂಲ ಡಯಲಿನ ಅಕ್ಷರಗಳ ಅಂಚು ಸಣ್ಣಗೆ, ಚೂಪಾಗಿ ಇರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿನ ನೇರಕ್ಕೇ ಬಂದು ನಿಲ್ಲುತ್ತವೆ. ಮರುಬಳಿದದ್ದರಲ್ಲಿ ಶಾಯಿ ದಪ್ಪವಾಗಿ ಹರಡಿರುತ್ತದೆ, ಒಂದು ಗೆರೆಯಾದರೂ ಗುರುತನ್ನು ತಪ್ಪಿ ಪಕ್ಕಕ್ಕೆ ಸರಿದಿರುತ್ತದೆ, ಮುಳ್ಳುಗಳ ನಡುವಿನ ತೂತಿನ ಸುತ್ತ ಬಣ್ಣ ಗುಡ್ಡೆ ಕಟ್ಟಿರುತ್ತದೆ. ದೇವನಾಗರಿ ಅಂಕಿಗಳಿದ್ದ ಕೂಡಲೇ ನಕಲಿ ಎಂದು ತೀರ್ಮಾನಿಸಬಾರದು. ಎಚ್‌ಎಂಟಿಯೇ ಅಂಥವನ್ನು ಮಾಡಿದೆ. ವಯಸ್ಸಿನಿಂದ ಸಮವಾಗಿ ಹಳದಿಗೆ ತಿರುಗಿದ ಮೂಲ ಡಯಲನ್ನು ನಾನು ಹೊಳೆಯುವ ಹೊಸ ಡಯಲಿಗಿಂತ ಹೆಚ್ಚು ಬೆಲೆಗೆ ಕೊಳ್ಳುತ್ತೇನೆ, ಹಾಗೆಯೇ ಮಾರುತ್ತೇನೆ.

ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರು ‘ಬಳಸದೇ ಇಟ್ಟ ಹಳೆಯ ದಾಸ್ತಾನು’ ಎಂದು ಜನತಾ ಒಂದನ್ನು ಕಳಿಸಿದ್ದರು. ಪೊಟ್ಟಣ ಬಿಚ್ಚಿದಾಗ ಡಯಲ್ ಮಿನುಗುತ್ತಿತ್ತು, ಬೆನ್ನ ಮುಚ್ಚಳದ ಮೇಲೆ ಮಾತ್ರ ತೆರೆಯುವ ಉಪಕರಣ ಜಾರಿದ ಗೀರುಗಳು ತುಂಬಿದ್ದವು. ಯಾರೂ ಬಳಸದ ವಾಚನ್ನು ಅಷ್ಟು ಸಲ ಯಾರು ತೆರೆದರು? ಫೋಟೊ ಸಹಿತ ಕೇಳಿದ ಮೇಲೆ ಅವರು ಹಣ ಹಿಂದಿರುಗಿಸಿದರು. ಅಂದಿನಿಂದ ಮುಚ್ಚಳದ ಒಳಗಿನ ಯಂತ್ರದ ಫೋಟೊ ಕಳಿಸಲು ಒಪ್ಪದವರ ಬಳಿ ನಾನು ಮಾತು ಮುಂದುವರಿಸುವುದಿಲ್ಲ.

ಸರ್ವಿಸ್ ಇಲ್ಲದೆ ಈ ವಾಚಿನ ವಿಮರ್ಶೆಯೇ ಅಪೂರ್ಣ. ಚಿಕ್ಕಪೇಟೆಯ ಕಡೆ ನಾನು ಹೋಗುವ ಅಂಗಡಿ ಒಂದು ಮೇಜು, ಒಂದು ದೀಪದಷ್ಟು ಅಗಲ. ಅಲ್ಲಿನ ಯಜಮಾನರು ವಾಚನ್ನು ಮೊದಲು ತೆರೆಯುವುದಿಲ್ಲ, ಕಿವಿಗೆ ಹಿಡಿಯುತ್ತಾರೆ. ಒಂದು ದಿನ ನಾನು ಕೊಟ್ಟ ವಾಚನ್ನು ಕೇಳಿ, ‘ಸ್ವಾಮಿ, ಇದು ಓಡ್ತಾ ಇಲ್ಲ, ತೆವಳ್ತಾ ಇದೆ’ ಎಂದರು. ‘ಬಿಚ್ಚಿ ನೋಡಿ ಯಜಮಾನ್ರೇ’ ಎಂದೆ. ಮುಚ್ಚಳ ತೆಗೆದಾಗ ಬ್ಯಾಲೆನ್ಸ್ ಚಕ್ರ ಅರೆಮನಸ್ಸಿನಿಂದ ಸ್ವಲ್ಪ ಅತ್ತ, ಸ್ವಲ್ಪ ಇತ್ತ ತೂಗುತ್ತಿತ್ತು. ಅವರು ಚಕ್ರಗಳನ್ನೆಲ್ಲ ಬಿಡಿಸಿ ಪೆಟ್ರೋಲಿನಲ್ಲಿ ತೊಳೆದು, ಜ್ಯುವೆಲ್‌ಗಳ ತೂತುಗಳನ್ನು ಚೂಪಾದ ಮರದ ಕಡ್ಡಿಯಿಂದ ಒರೆಸಿ, ಸೂಜಿಯಂಥ ಉಪಕರಣದ ತುದಿಯಲ್ಲಿ ಕಣ್ಣಿಗೆ ಕಾಣುವಷ್ಟೇ ಎಣ್ಣೆಯನ್ನು ಎತ್ತಿ ಒಂದೊಂದೇ ಜ್ಯುವೆಲ್ಲಿಗೆ ಮುಟ್ಟಿಸಿದರು. ಎಣ್ಣೆ ಹೆಚ್ಚಾದರೆ ಅದು ಹರಿದು ಹೇರ್‌ಸ್ಪ್ರಿಂಗಿಗೆ ತಾಗಿ, ಸರ್ವಿಸ್ ಮಾಡಿಸಿದ್ದೇ ಕೇಡಾಗುತ್ತದೆ. ಮತ್ತೆ ಜೋಡಿಸಿ ಎರಡು ಸುತ್ತು ಕೀ ಕೊಟ್ಟಾಗ ಅದೇ ಚಕ್ರ ಅಗಲವಾಗಿ, ಲಯಬದ್ಧವಾಗಿ ತೂಗತೊಡಗಿತು. ಅವರು ತೆಗೆದುಕೊಂಡದ್ದು 600 ರೂಪಾಯಿ. ಈ ಕೌಶಲಕ್ಕೆ ಅದು ತೀರಾ ಕಡಿಮೆ. ಮೂರು–ನಾಲ್ಕು ವರ್ಷಕ್ಕೊಮ್ಮೆ ಈ ಖರ್ಚನ್ನು ಒಪ್ಪಿಕೊಳ್ಳಲಾಗದವರು ಬ್ಯಾಟರಿ ವಾಚು ಕೊಳ್ಳುವುದೇ ಸರಿ.

ಮಾರುವ ವಿಷಯಕ್ಕೆ ಬಂದರೆ, ಇದರಲ್ಲಿ ಲಾಭ ಸಣ್ಣದು. 1,200 ರೂಪಾಯಿಗೆ ಕೊಂಡ ವಾಚಿಗೆ ಸರ್ವಿಸ್, ಗಾಜು, ಬೆಲ್ಟು ಸೇರಿ ಎರಡು ಸಾವಿರ ದಾಟುತ್ತದೆ; ಅದರ ಮೇಲೆ ಕೆಲವು ನೂರು ಸಿಕ್ಕರೆ ನನಗೆ ತೃಪ್ತಿ. ಬೆಂಗಳೂರಿನ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ, ಪ್ರಶ್ನೆಗಳನ್ನೂ ಹೆಚ್ಚು ಕೇಳುತ್ತಾರೆ, ಹಾಗೆ ಕೇಳುವುದು ಒಳ್ಳೆಯದೇ. ನಾನು ಪ್ರತಿ ವಾಚಿನ ಜೊತೆ ಒಂದು ಚೀಟಿ ಕೊಡುತ್ತೇನೆ: ಡಯಲ್ ಮೂಲದ್ದು, ಗಾಜು ಹೊಸದು, ಕೀ ತಿರುಪು ಬೇರೆ ಎಚ್‌ಎಂಟಿಯದು, ಸರ್ವಿಸ್ ಇಂಥ ತಿಂಗಳು. ಬದಲಾದ ಭಾಗವನ್ನು ಹೇಳಿದರೆ ಬೆಲೆ ಇಳಿಯುತ್ತದೆ ಎಂದು ಪರಿಚಿತ ವ್ಯಾಪಾರಿಗಳು ಎಚ್ಚರಿಸುತ್ತಾರೆ. ಇಳಿಯುತ್ತದೆ, ನಿಜ. ಆದರೆ ಆ ಚೀಟಿ ಇರುವ ವಾಚನ್ನು ಕೊಂಡವರು ಮುಂದೆ ಯಾರಿಗಾದರೂ ಮಾರುವಾಗ ಅದನ್ನೂ ಜೊತೆಗೇ ಕೊಡುತ್ತಾರೆ, ವಾಚಿನ ಚರಿತ್ರೆ ಅಲ್ಲಿಗೆ ಕಳೆದುಹೋಗುವುದಿಲ್ಲ. ಮನೆಯ ಹಿರಿಯರು ತೀರಿಕೊಂಡ ಮೇಲೆ ವಾಚು ಮಾರಲು ತಂದವರಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ: ಒಂದು ವಾರ ಬಿಟ್ಟು ಬನ್ನಿ, ಅಷ್ಟರೊಳಗೆ ಮನೆಯವರೆಲ್ಲರನ್ನೂ ಕೇಳಿ. ಅವರಲ್ಲಿ ಹಲವರು ಮತ್ತೆ ಬರುವುದಿಲ್ಲ, ಅದರಿಂದ ನನಗೆ ಸಂತೋಷವೇ. ಗುರುತು ಪರಿಚಯವಿಲ್ಲದವರು ಒಟ್ಟಿಗೆ ಐದಾರು ವಾಚು ತಂದು ಅಗ್ಗಕ್ಕೆ ಕೊಡುತ್ತೇನೆಂದರೆ ಮುಟ್ಟುವುದೇ ಇಲ್ಲ.

ಇದರ ದೊಡ್ಡ ಕೊರತೆ ಬಿಡಿಭಾಗ. ಬ್ಯಾಲೆನ್ಸ್ ದಂಡ ಮುರಿದರೆ, ಹೇರ್‌ಸ್ಪ್ರಿಂಗ್ ಸೊಟ್ಟಗಾದರೆ, ಇನ್ನೊಂದು ವಾಚಿನಿಂದ ತೆಗೆದೇ ಹಾಕಬೇಕಾದ ಸ್ಥಿತಿ ಈಗಿದೆ. ಗುಜರಿಯಲ್ಲಿ ಕೇಸು ತುಕ್ಕು ಹಿಡಿದ, ಮುಳ್ಳಿಲ್ಲದ ಎಚ್‌ಎಂಟಿ ಕಂಡರೂ ಒಳಗಿನ ಯಂತ್ರ 0231 ಆಗಿದ್ದರೆ ನಾನು ಕೊಂಡುಬರುತ್ತೇನೆ. ಅಂಥವನ್ನು ಅಲಂಕರಿಸಿ ಮಾರುವುದಿಲ್ಲ. ಕೊಂಡ ಬೆಲೆಗೇ ರಿಪೇರಿ ಯಜಮಾನರ ಡಬ್ಬಿಗೆ ಸೇರಿಸುತ್ತೇನೆ. ನಾನು ಈಗ ಕಟ್ಟಿರುವ ಜನತಾದ ಬ್ಯಾಲೆನ್ಸ್ ಕೂಡ ಆ ಡಬ್ಬಿಯಿಂದಲೇ ಬಂದದ್ದು, ಅದರ ಚೀಟಿಯಲ್ಲೂ ಹಾಗೆಂದೇ ಬರೆದಿದೆ.