ಮಳಿಗೆ, ಸಂತೆ, ಬುಟ್ಟಿ: ಬೆಂಗಳೂರಿನಲ್ಲಿ ಆರು ತಿಂಗಳ ತರಕಾರಿ

ಆರು ತಿಂಗಳು ನಮ್ಮ ಅಡುಗೆಮನೆಗೆ ಮೂರು ದಾರಿಯಲ್ಲಿ ತರಕಾರಿ ಬಂತು: ಹಾಪ್‌ಕಾಮ್ಸ್ ಮಳಿಗೆ, ಭಾನುವಾರದ ಸಾವಯವ ಸಂತೆ, ಊರಾಚೆಯ ರೈತರ ಗುಂಪೊಂದರ ವಾರದ ಬುಟ್ಟಿ.

ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು. ಅದರ ಹಿಂದಿದ್ದವರು ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರು. ಕಾಲು ಕಿಲೋ ಹುರುಳಿಕಾಯಿ ಸಾಕೆಂದರೆ ಕಾಲು ಕಿಲೋ, ಹಲಗೆಯ ಮೇಲಿನ ದರವೇ ದರ. ಚೌಕಾಸಿಗೆ ಎಡೆಯಿಲ್ಲ ಅನ್ನುವುದೊಂದೇ ನಮ್ಮತ್ತೆಯ ಬೇಸರ.

ಸಂತೆಯಲ್ಲಿ ಬೆಳೆದವರೇ ಮಾತಿಗೆ ಸಿಗುತ್ತಾರೆ. ಸಾವಯವ ಬೆಳೆಗೆ ಕೊಡುವ ಪಿಜಿಎಸ್ ಗುರುತಿನ ಗುಟ್ಟು ತಿಳಿದದ್ದೇ ಅಲ್ಲಿ. ಅಕ್ಕಪಕ್ಕದ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ರಾಸಾಯನಿಕ ಬಿಟ್ಟು ಸಾವಯವಕ್ಕೆ ಹೊರಳುತ್ತಿರುವ ಹೊಲಕ್ಕೆ ‘ಗ್ರೀನ್’, ಪೂರ್ತಿ ಹೊರಳಿದ ಮೇಲೆ ‘ಆರ್ಗ್ಯಾನಿಕ್’. ಸೊಪ್ಪು ಬೇಕಿದ್ದರೆ ಮಾತ್ರ ಎಂಟಕ್ಕೆ ಮೊದಲೇ ಹೋಗಬೇಕು.

ಬುಟ್ಟಿಯ ಕತೆಯೇ ಬೇರೆ. ಮೂರು ತಿಂಗಳಿಗೆ 5,400 ರೂಪಾಯಿ ಮುಂಗಡ. ಆಯ್ಕೆ ನಮ್ಮದಲ್ಲ, ಹೊಲದ್ದು. ಬೆಳೆ ಕೈಕೊಟ್ಟರೆ ದುಡ್ಡು ವಾಪಸಿಲ್ಲ ಅಂತ ಮೊದಲೇ ಹೇಳಿದ್ದರು, ನಾನೂ ಧಾರಾಳವಾಗಿ ತಲೆಯಾಡಿಸಿದ್ದೆ. ದಂಟು, ಸಬ್ಬಸಿಗೆ ಬಂದ ವಾರ ಬಸ್ಸಾರಿನ ಹಬ್ಬ. ಆಮೇಲೆ ಸತತ ನಾಲ್ಕು ವಾರ ನವಿಲುಕೋಸು. ಜೋರು ಮಳೆ ಹಿಡಿದ ವಾರ ಅರ್ಧ ಬುಟ್ಟಿ. ಬಾಗಿಲಲ್ಲೇ ಗೊಣಗಿದೆ. ತಂದುಕೊಟ್ಟ ಹುಡುಗ, “ಸಾರ್, ಉಳಿದರ್ಧ ಹೊಲದಲ್ಲೇ ಕೊಳೀತಾ ಇದೆ” ಅಂದ. ಮಂಡಿಗೆ ಹಾಕುವ ರೈತನಿಗೆ ಆ ನಷ್ಟ ಒಬ್ಬನದೇ. ಇಲ್ಲಿ ಅದರಲ್ಲಿ ನನ್ನದೂ ಒಂದು ಚೂರು.

ಸರ್ಕಾರ ಸುಮ್ಮನೆ ಕೂತಿಲ್ಲ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು, ಮೇಳಗಳೂ ನಡೆಯುತ್ತವೆ. ಆದರೆ ಮೇಳದ ಮಳಿಗೆ ಬೇಕಾಗುವುದು ಬೆಳೆ ಕೈಗೆ ಬಂದ ಮೇಲೆ. ಬಿತ್ತುವ ಮೊದಲೇ ಕೈಗೆ ಕಾಸು ಬರುವುದು ಈ ಮೂರರಲ್ಲಿ ಬುಟ್ಟಿಯಲ್ಲಿ ಮಾತ್ರ. ಅಷ್ಟು ಮುಂಗಡ ಕೊಡಬಲ್ಲ ಮನೆಗಳೆಷ್ಟು? ಅಮೆರಿಕದಲ್ಲಿ 2014ರ ಕೃಷಿ ಕಾಯ್ದೆ ಬಡವರ ಆಹಾರ ನೆರವಿನ ಕಾರ್ಡಿನಿಂದಲೂ ಇಂಥ ಬುಟ್ಟಿ ಕೊಳ್ಳಲು ಬಿಟ್ಟಿತು, ಆದರೆ ತರಕಾರಿ ಕೈಸೇರುವ 14 ದಿನಕ್ಕಿಂತ ಮುಂಚೆ ಹಣ ಕಟ್ಟುವಂತಿಲ್ಲ. ಅಲ್ಲಿಗೆ ಬಿತ್ತನೆ ಮುಗಿದು ಎಷ್ಟೋ ದಿನವಾಗಿರುತ್ತದೆ!

ನಾವು ಬುಟ್ಟಿಯನ್ನೇ ಮುಂದುವರಿಸಿದ್ದೇವೆ, ಪಕ್ಕದ ಮನೆಯವರ ಜೊತೆ ಪಾಲು ಹಾಕಿಕೊಂಡು. ಈರುಳ್ಳಿ, ಆಲೂಗಡ್ಡೆ ಹಾಪ್‌ಕಾಮ್ಸ್‌ನಿಂದ. ನವಿಲುಕೋಸು ಬಂದರೆ ಅವರ ಪಾಲಿಗೆ ಅಂತ ಮೊದಲೇ ಮಾತಾಗಿದೆ.